ಪ್ರಿಪೊಸಿಷನ್ ಎಲ್ಲಿ ಕೂರಬೇಕು: ಇಂಗ್ಲಿಷ್ ವಾಕ್ಯಕ್ಕೆ ಇರುವ ಮೂರು ದಾರಿಗಳ ಹೋಲಿಕೆ

ಜನವರಿಯ ಒಂದು ಸಂಜೆ ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರರೊಬ್ಬರ ಮಗಳು ಪತ್ರವೊಂದರ ಕರಡನ್ನು ಹಿಡಿದುಕೊಂಡು ಹಾಸನದ ನಮ್ಮ ಮನೆಗೆ ಬಂದಳು. ನಾನು ಪದವಿ ತರಗತಿಗಳಿಗೆ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತನಾದವನು. ಸಂಜೆ ಹೊತ್ತು ಯಾರಾದರೂ ಅರ್ಜಿಯನ್ನೋ ಪತ್ರವನ್ನೋ ತಂದರೆ ಕೂರಿಸಿಕೊಂಡು ತಿದ್ದಿಕೊಡುವುದು ಬಹಳ ವರ್ಷಗಳಿಂದ ನಡೆದುಬಂದಿದೆ. ಕೊಯ್ಲಿನ ನಡುವೆಯೇ ಅವರ ಮನೆಯ ಪಲ್ಪಿಂಗ್ ಯಂತ್ರ ಕೆಟ್ಟು ನಿಂತಿತ್ತು. ಹಣ್ಣನ್ನು ಕೊಯ್ದ ದಿನವೇ ಸಿಪ್ಪೆ ಬಿಡಿಸದಿದ್ದರೆ ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ಒಣಗಿಸಿದ ಬೀಜ) ಆಗಬೇಕಾದ ಕಾಫಿಯನ್ನು ಇಡಿಯಾಗಿಯೇ ಒಣಗಿಸಿ, ಚೆರ್ರಿ ಮಾಡಿ, ಕಡಿಮೆ ಬೆಲೆಗೆ ಕೊಡಬೇಕಾಗುತ್ತದೆ. ಆದ್ದರಿಂದ ಯಂತ್ರವನ್ನು ಮಾರಿದ ಹೊರರಾಜ್ಯದ ಕಂಪನಿಗೆ ಇಂಗ್ಲಿಷಿನಲ್ಲಿ ದೂರು ಬರೆಯುವುದು ಅವಳಿಗೆ ಅವಸರದ ಕೆಲಸವಾಗಿತ್ತು. "ಮೇಷ್ಟ್ರೇ, ಇದರಲ್ಲಿ ಏನೋ ತಪ್ಪಿದೆ ಅಂತ ಗೊತ್ತಾಗುತ್ತೆ, ಎಲ್ಲಿ ಅಂತ ಗೊತ್ತಾಗ್ತಿಲ್ಲ" ಎಂದಳು.

ಕರಡಿನಲ್ಲಿ ನಾಲ್ಕು ಜಾಗಗಳಿಗೆ ನಾನು ಪೆನ್ಸಿಲಿನಿಂದ ಗೆರೆ ಹಾಕಿದೆ: "ದಿ ಮೆಷಿನ್ ವಿ ಪಲ್ಪ್ ದಿ ಕಾಫಿ", "ದಿ ಮೆಕ್ಯಾನಿಕ್ ವಿ ಸ್ಪೋಕ್", "ದಿ ಪಾರ್ಟ್ಸ್ ವಿ ಪೇಯ್ಡ್", "ದಿ ಡೇ ಯು ಪ್ರಾಮಿಸ್ಡ್ ಟು ಕಮ್". ಇವನ್ನು ಕನ್ನಡಕ್ಕೆ ತಿರುಗಿಸಿದರೆ ನಾವು ಕಾಫಿ ಪಲ್ಪ್ ಮಾಡುವ ಯಂತ್ರ, ನಾವು ಮಾತಾಡಿದ ಮೆಕ್ಯಾನಿಕ್, ನಾವು ದುಡ್ಡು ಕಟ್ಟಿದ ಬಿಡಿಭಾಗಗಳು, ನೀವು ಬರುತ್ತೇವೆಂದ ದಿನ ಎಂದಾಗುತ್ತದೆ. ನಾಲ್ಕೂ ಅಚ್ಚುಕಟ್ಟಾದ ಕನ್ನಡ. ಇಂಗ್ಲಿಷಿನಲ್ಲಾದರೋ ಮೊದಲ ಮೂರರಲ್ಲಿ "ವಿತ್", "ಟು", "ಫಾರ್" ಎಂಬ ಒಂದೊಂದು ಪುಟ್ಟ ಪದ, ಅಂದರೆ ಪ್ರಿಪೊಸಿಷನ್, ಬಿಟ್ಟುಹೋಗಿದೆ, ನಾಲ್ಕನೆಯದರಲ್ಲಿ ಏನೂ ಬಿಟ್ಟುಹೋಗಿಲ್ಲ. ಬಿಟ್ಟುಹೋದ ಪದವನ್ನು ತಂದು ಕೂರಿಸುವುದಕ್ಕೆ ಮೂರು ದಾರಿಗಳಿವೆ. "ದಿ ಮೆಕ್ಯಾನಿಕ್ ವಿ ಸ್ಪೋಕ್ ಟು" ಎಂದು ಕೊನೆಯಲ್ಲಿ ಇಡಬಹುದು. "ದಿ ಮೆಕ್ಯಾನಿಕ್ ಟು ಹೂಮ್ ವಿ ಸ್ಪೋಕ್" ಎಂದು ಮುಂದಕ್ಕೆ ತರಬಹುದು. "ದಿ ಮೆಕ್ಯಾನಿಕ್ ಹೂ ಟುಕ್ ಅವರ್ ಕಾಲ್" ಎಂದು ಕ್ರಿಯಾಪದವನ್ನೇ ಬದಲಿಸಿ, ಆ ಪದದ ಅಗತ್ಯವೇ ಇಲ್ಲದಂತೆ ಮಾಡಬಹುದು. ವ್ಯಾಕರಣದ ಮಟ್ಟಿಗೆ ಮೂರೂ ಸರಿ. ಹಾಗಿದ್ದ ಮೇಲೆ ಎಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದೇ ಈ ಬರಹದ ವಿಷಯ.

ನಮ್ಮವರಿಗೆ ಈ ಪದ ಏಕೆ ಬಿಟ್ಟುಹೋಗುತ್ತದೆ

ಆರಿಸಿಕೊಳ್ಳುವ ಮಾತಿಗೆ ಬರುವ ಮೊದಲು ಬಿಟ್ಟುಹೋಗುವುದರ ಮೂಲವನ್ನು ತಿಳಿಯಬೇಕು, ಏಕೆಂದರೆ ಕಳೆದದ್ದು ಯಾವುದೆಂದು ಗೊತ್ತಿಲ್ಲದವನು ಅದನ್ನು ಎಲ್ಲಿಡುವುದೆಂದು ಕೇಳುವ ಹಾಗೇ ಇಲ್ಲ. ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ಮಾಡುವ ಬಹುಪಾಲು ಕೆಲಸವನ್ನು ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಮಾಡುತ್ತವೆ, ಮತ್ತು ಅವು ನಾಮಪದದ ಬೆನ್ನಿಗೇ ಅಂಟಿಕೊಳ್ಳುತ್ತವೆ. ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದೆಂದು ಎಣಿಸುವ ಶಾಸನದಲ್ಲಿ "ನಾಡುಳ್" ಎಂಬ ರೂಪವಿದೆ. ನಾಡಿನಲ್ಲಿ ಎಂದು ಅದರ ಅರ್ಥ. ಇಂದಿನ "ಅಲ್ಲಿ" ಕೂರುವ ಜಾಗದಲ್ಲಿಯೇ ಅಂದಿನ "ಉಳ್" ಕೂತಿದೆ. ಇಷ್ಟು ಹಳೆಯ ರೂಢಿಯುಳ್ಳ ನಮಗೆ, ಈ ಸಂಬಂಧವನ್ನು ಸೂಚಿಸುವ ಪದವೊಂದು ನಾಮಪದದಿಂದ ಕಳಚಿಕೊಂಡು ವಾಕ್ಯದ ತುದಿಯಲ್ಲಿ ಒಂಟಿಯಾಗಿ ನಿಲ್ಲುತ್ತದೆ ಎನ್ನುವುದು ಸಹಜವಾಗಿ ಹೊಳೆಯುವಂಥದ್ದಲ್ಲ.

ಇದಕ್ಕಿಂತ ದೊಡ್ಡ ಕಾರಣ ನಮ್ಮ ಕೃದಂತಗಳಲ್ಲಿದೆ, ಅಂದರೆ ಕ್ರಿಯಾಪದದಿಂದ ಹುಟ್ಟಿ ನಾಮಪದದ ಮುಂದೆ ನಿಲ್ಲುವ "ಇರುವ", "ಕೂತ" ಎಂಬಂಥ ರೂಪಗಳಲ್ಲಿದೆ. "ನಾನು ಮನೆಯಲ್ಲಿ ಇದ್ದೇನೆ" ಎನ್ನುವಾಗ "ಅಲ್ಲಿ" ಇದೆ. ಅದೇ ಮಾತನ್ನು "ನಾನು ಇರುವ ಮನೆ" ಎಂದು ತಿರುಗಿಸಿದ ಕೂಡಲೇ "ಅಲ್ಲಿ" ಮಾಯವಾಗುತ್ತದೆ. "ಕುರ್ಚಿಯ ಮೇಲೆ ಕೂತೆ" ಎಂಬುದು "ಕೂತ ಕುರ್ಚಿ" ಆಗುತ್ತದೆ, "ಈಳಿಗೆಮಣೆಯಿಂದ ಹೆಚ್ಚಿದೆ" ಎಂಬುದು "ಹೆಚ್ಚಿದ ಈಳಿಗೆಮಣೆ" ಆಗುತ್ತದೆ. ಯಾವ ವಿಭಕ್ತಿ ಅಡಗಿತು ಎಂಬುದನ್ನು ಕೇಳುವವನು ಸಂದರ್ಭದಿಂದ ತಾನೇ ತಿಳಿದುಕೊಳ್ಳುತ್ತಾನೆ. ಕೆಲವೊಮ್ಮೆ ತಿಳಿಯುವುದೂ ಕಷ್ಟ: "ಸಾಲ ಕೊಟ್ಟ ಮನುಷ್ಯ" ಎಂದರೆ ಸಾಲವನ್ನು ಕೊಟ್ಟವನೂ ಆಗಬಹುದು, ನಾವು ಯಾರಿಗೆ ಕೊಟ್ಟೆವೋ ಅವನೂ ಆಗಬಹುದು, "ನಾನು ಬಂದ ಊರು" ಎಂದರೆ ಹೊರಟ ಊರೋ ಸೇರಿದ ಊರೋ ಎಂದು ಮತ್ತೆ ಕೇಳಬೇಕಾಗುತ್ತದೆ. ಕನ್ನಡವು ಕೇಳುವವನಿಗೆ ಬಿಟ್ಟುಕೊಡುವ ಈ ಕೆಲಸವನ್ನು ಇಂಗ್ಲಿಷ್ ಹೇಳುವವನಿಂದಲೇ ಮಾಡಿಸುತ್ತದೆ. ಆದ್ದರಿಂದ "ದಿ ಹೌಸ್ ಐ ಲಿವ್" ಎಂದು ಬರೆದ ವಿದ್ಯಾರ್ಥಿಯನ್ನು ಉದಾಸೀನಗಾರ ಎನ್ನಲಾಗದು. ಅವನು ತನ್ನ ಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾನೆ.

ಅಡಗಿದ ವಿಭಕ್ತಿಯನ್ನು ಹೊರಗೆ ಎಳೆಯುವುದಕ್ಕೆ ಕನ್ನಡದೊಳಗೇ ಒಂದು ಸಾಧನವಿದೆ, ನಾನು ತರಗತಿಯಲ್ಲಿ ಬಳಸುತ್ತಿದ್ದದ್ದು ಅದನ್ನೇ. ಮಾತನ್ನು "ಯಾವ... ಆ" ಎಂಬ ಅಚ್ಚಿಗೆ ಹಾಕಿ ನೋಡಬೇಕು. ನಾನು ಯಾವ ಮನೆಯಲ್ಲಿ ಇದ್ದೇನೋ ಆ ಮನೆ; ನಾವು ಯಾವ ಮೆಕ್ಯಾನಿಕ್ ಹತ್ತಿರ ಮಾತಾಡಿದೆವೋ ಆ ಮೆಕ್ಯಾನಿಕ್; ಯಾವ ಬಿಡಿಭಾಗಗಳಿಗೆ ದುಡ್ಡು ಕಟ್ಟಿದೆವೋ ಆ ಬಿಡಿಭಾಗಗಳು. "ಅಲ್ಲಿ", "ಹತ್ತಿರ", "ಗೆ" ಮೂರೂ ಹೊರಬಿದ್ದವು. ಇಂಗ್ಲಿಷಿನಲ್ಲಿ ಅವುಗಳ ಜಾಗಕ್ಕೆ "ಇನ್", "ಟು", "ಫಾರ್" ಬರಬೇಕು. ನಾಲ್ಕನೆಯದನ್ನು ಹಾಕಿ ನೋಡಿ: ನೀವು ಯಾವ ದಿನ ಬರುತ್ತೇವೆಂದಿರೋ ಆ ದಿನ. ಇಲ್ಲಿ ಪ್ರತ್ಯಯವೇ ಇಲ್ಲ, ಇಂಗ್ಲಿಷಿಗೂ ಅಲ್ಲಿ ಪ್ರಿಪೊಸಿಷನ್ ಬೇಕಾಗಲಿಲ್ಲ. "ದಿ ವೇ ಹಿ ಸ್ಪೀಕ್ಸ್" ಎಂಬುದೂ ಹಾಗೆಯೇ, ಅವನು ಯಾವ ರೀತಿ ಮಾತಾಡುತ್ತಾನೋ ಆ ರೀತಿ.

ಮೊದಲ ದಾರಿ: ಕೊನೆಯಲ್ಲಿ ಇಡುವುದು

ಮಾತಿನಲ್ಲಿ, ವಾಟ್ಸ್‌ಆಪ್ ಸಂದೇಶದಲ್ಲಿ, ಗ್ರಾಹಕರಿಗೆ ಬರೆಯುವ ಇಮೇಲಿನಲ್ಲಿ, ಉದ್ಯೋಗದ ಸಂದರ್ಶನದಲ್ಲಿ ನಾನು ಯಾವ ಅಳುಕೂ ಇಲ್ಲದೆ ಸೂಚಿಸುವುದು ಈ ದಾರಿಯನ್ನು. ಹೋಂಸ್ಟೇ ನಡೆಸುವವರು ಅತಿಥಿಗಳನ್ನು "ಈಸ್ ದೇರ್ ಎನಿಥಿಂಗ್ ಯು ಆರ್ ಅಲರ್ಜಿಕ್ ಟು?" ಎಂದು ಕೇಳಿದರೆ ಮನೆಯವರು ಕೇಳಿದಂತಿರುತ್ತದೆ, "ಈಸ್ ದೇರ್ ಎನಿಥಿಂಗ್ ಟು ವಿಚ್ ಯು ಆರ್ ಅಲರ್ಜಿಕ್?" ಎಂದರೆ ವ್ಯಾಕರಣ ಕೆಡುವುದಿಲ್ಲ, ಊಟದ ಮೇಜಿನ ಮುಂದೆ ನಿಂತು ನಮೂನೆ ತುಂಬಿಸಿಕೊಂಡಂತೆ ಆಗುತ್ತದೆ.

ಪ್ರಶ್ನೆಗಳಲ್ಲಿ ನಮ್ಮವರ ಕಷ್ಟ ಬೇರೆ ಬಗೆಯದು. ಕೃದಂತದಲ್ಲಿ ಪ್ರತ್ಯಯವನ್ನು ಬಿಡುವ ಕನ್ನಡ, ಪ್ರಶ್ನೆಯಲ್ಲಿ ಅದನ್ನು ಪ್ರಶ್ನಾಪದಕ್ಕೇ ಅಂಟಿಸಿ ಎಲ್ಲಿಂದ, ಯಾರಿಗೆ, ಯಾವುದರಲ್ಲಿ ಎನ್ನುತ್ತದೆ. ಹಾಗಾಗಿ ಬೇಲೂರಿನ ದೇವಸ್ಥಾನದ ಮುಂದೆ ಪ್ರವಾಸಿಗರನ್ನು ಮಾತಾಡಿಸುವ ಹುಡುಗರ ಬಾಯಲ್ಲಿ "ಫ್ರಮ್ ವೇರ್ ಯು ಆರ್ ಕಮಿಂಗ್?" ಎಂಬುದೇ ಮೊದಲು ಬರುತ್ತದೆ. ಇಂಗ್ಲಿಷ್ ಮನೆಮಾತಿನವರು ಹೇಳುವುದು "ವೇರ್ ಆರ್ ಯು ಫ್ರಮ್?" ಎಂದು. "ವಿಚ್ ಕ್ಲಾಸ್ ಆರ್ ಯು ಇನ್?", "ಹೂ ಆರ್ ಯು ವೈಟಿಂಗ್ ಫಾರ್?" ಇವೂ ಅದೇ ಸಾಲಿನವು. ಮಾತಿನ ಪ್ರಶ್ನೆಯಲ್ಲಿ ಪ್ರಿಪೊಸಿಷನ್ನನ್ನು ಕೊನೆಗೆ ಕಳಿಸುವುದನ್ನು ಅಭ್ಯಾಸ ಮಾಡಿಕೊಂಡರೆ ಅರ್ಧದಷ್ಟು ಬಿಗಿತನ ತಾನಾಗಿಯೇ ಹೋಗುತ್ತದೆ.

ಕೆಲವು ಕಡೆ ಇದೊಂದೇ ದಾರಿ ಇರುವುದು. "ಲುಕ್ ಆಫ್ಟರ್", "ಪುಟ್ ಅಪ್ ವಿತ್" ಎಂಬಂಥ ಕ್ರಿಯಾಪದಗಳಲ್ಲಿ ಹಿಂದಿನ ಪುಟ್ಟ ಪದ ಕ್ರಿಯೆಯ ಅರ್ಥದೊಳಗೇ ಬೆರೆತುಹೋಗಿರುತ್ತದೆ. ನಮ್ಮಲ್ಲಿ "ಕೈಬಿಟ್ಟ" ಎಂಬುದರಿಂದ "ಕೈ"ಯನ್ನು ಕಿತ್ತು ವಾಕ್ಯದ ಆರಂಭಕ್ಕೆ ಒಯ್ದರೆ ಏನಾಗುತ್ತದೆಯೋ, "ದಿ ಅಂಕಲ್ ಐ ಲುಕ್ ಆಫ್ಟರ್" ಎಂಬುದನ್ನು "ದಿ ಅಂಕಲ್ ಆಫ್ಟರ್ ಹೂಮ್ ಐ ಲುಕ್" ಎಂದು ಮಾಡಿದರೂ ಅದೇ ಆಗುತ್ತದೆ. ನೋಡಿಕೊಳ್ಳುವ ಅರ್ಥ ಹೋಗಿ ಬರೀ ನೋಡುವುದು ಉಳಿಯುತ್ತದೆ. ಕರ್ಮಣಿ ಪ್ರಯೋಗದಲ್ಲಿಯೂ ಬೇರೆ ದಾರಿಯಿಲ್ಲ: "ಅವರ್ ಕಂಪ್ಲೇಂಟ್ ವಾಸ್ ನಾಟ್ ಅಟೆಂಡೆಡ್ ಟು" ಎಂಬ ವಾಕ್ಯದ ಕೊನೆಯ "ಟು"ವನ್ನು ಯಾವ ಕಡೆಗೂ ಸರಿಸಲು ಬರುವುದಿಲ್ಲ, ಬಿಟ್ಟರಂತೂ ವಾಕ್ಯವೇ ಮುರಿಯುತ್ತದೆ. "ಎ ಚೇರ್ ಟು ಸಿಟ್ ಆನ್", "ನಥಿಂಗ್ ಟು ವರಿ ಅಬೌಟ್" ಎಂಬುವನ್ನು ಕಷ್ಟಪಟ್ಟು ಬದಲಿಸಬಹುದು, ಬದಲಿಸುವ ಕಾರಣವೇ ಇರುವುದಿಲ್ಲ.

ಈ ದಾರಿಯ ಕೊರತೆ ಒಂದೇ, ಅದು ದೂರದ್ದು. "ದಿ ಕ್ಲರ್ಕ್ ಐ ಗೇವ್ ದಿ ಪಹಣಿ, ದಿ ಮ್ಯುಟೇಷನ್ ಕಾಪಿ ಅಂಡ್ ದಿ ಟ್ಯಾಕ್ಸ್ ರಿಸೀಟ್ ಟು" ಎಂದು ಬರೆದರೆ, ಕೊನೆಯ "ಟು"ವಿನ ಹೊತ್ತಿಗೆ ಓದುವವರು ಆ ಗುಮಾಸ್ತನನ್ನು ಮರೆತಿರುತ್ತಾರೆ. ನಾಮಪದಕ್ಕೂ ಪ್ರಿಪೊಸಿಷನ್ನಿಗೂ ನಡುವೆ ನಾಲ್ಕೈದು ಪದಗಳಿಗಿಂತ ಹೆಚ್ಚು ಸೇರಿಕೊಂಡರೆ ಕೊನೆಯ ಜಾಗವನ್ನು ಬಿಡುವುದು ಒಳ್ಳೆಯದು ಎಂಬುದು ನನ್ನ ಅಳತೆ. ಇದನ್ನು ಯಾವ ವ್ಯಾಕರಣವೂ ಹೇಳುವುದಿಲ್ಲ. ತಿದ್ದುತ್ತಾ ತಿದ್ದುತ್ತಾ ನನಗೆ ಸಿಕ್ಕಿದ್ದು.

ಕೊನೆಯಲ್ಲಿ ಇಡುವುದು ತಪ್ಪೆಂಬ ಮಾತು ಎಲ್ಲಿಂದ ಬಂತು

ನಾನು ಓದುವಾಗ ವಾಕ್ಯದ ಕೊನೆಯಲ್ಲಿ "ಟು" ಅಥವಾ "ವಿತ್" ಕಂಡರೆ ನಮ್ಮ ಅಧ್ಯಾಪಕರು ಕೆಂಪು ಶಾಯಿಯಿಂದ ಸುತ್ತು ಹಾಕುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಮೇಲೆ ಅದನ್ನೇ ಮುಂದುವರಿಸಿದೆ, ಮತ್ತು ಎಷ್ಟೋ ಮಕ್ಕಳ ಸರಿಯಾದ ವಾಕ್ಯಗಳನ್ನು ತಪ್ಪೆಂದು ಎಣಿಸಿದೆ ಎಂಬುದು ಈಗಲೂ ನನ್ನನ್ನು ಕಾಡುತ್ತದೆ. ಆದ್ದರಿಂದ ಈ ನಿಯಮದ ಹುಟ್ಟನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯವೆಂದು ನನಗೆ ತೋರುತ್ತದೆ.

ಪ್ರಿಪೊಸಿಷನ್ ಎಂಬ ಪದ ಲ್ಯಾಟಿನ್ನಿನದು, ಮುಂದೆ ಇಟ್ಟದ್ದು ಎಂದು ಅದರ ಅರ್ಥ, ಮತ್ತು ಲ್ಯಾಟಿನ್ನಿನಲ್ಲಿ ಅದನ್ನು ನಾಮಪದದಿಂದ ಬಿಡಿಸಿ ವಾಕ್ಯದ ತುದಿಗೆ ಕಳಿಸುವಂತಿಲ್ಲ. ಇಂಗ್ಲಿಷಿನ ಸ್ವಭಾವ ಬೇರೆ; ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿಯೂ ಪ್ರಿಪೊಸಿಷನ್ ಹೀಗೆ ಒಂಟಿಯಾಗಿ ಉಳಿಯುತ್ತಿತ್ತು, ಅದರ ಬಂಧುಗಳಾದ ಡೇನಿಷ್, ಸ್ವೀಡಿಷ್ ಭಾಷೆಗಳಲ್ಲಿ ಇಂದಿಗೂ ಉಳಿಯುತ್ತದೆ. 1672ರಲ್ಲಿ ಕವಿ ಜಾನ್ ಡ್ರೈಡನ್, ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ನನ ಬರವಣಿಗೆಯಲ್ಲಿ ವಾಕ್ಯದ ಕೊನೆಗೆ ಬರುವ ಪ್ರಿಪೊಸಿಷನ್ ಒಂದು ದೋಷವೆಂದು ಎತ್ತಿ ತೋರಿಸಿದ, ತನ್ನ ಬರಹದಲ್ಲಿಯೂ ಅದು ಇರುವುದನ್ನು ಇತ್ತೀಚೆಗೆ ಕಂಡುಕೊಂಡೆನೆಂದು ಒಪ್ಪಿಕೊಂಡ. 1668ರಲ್ಲಿ ಅಚ್ಚಾಗಿದ್ದ ತನ್ನ ಪ್ರಬಂಧವೊಂದನ್ನು 1684ರಲ್ಲಿ ಮತ್ತೆ ಅಚ್ಚು ಹಾಕಿಸುವಾಗ ಅಂಥ ವಾಕ್ಯಗಳನ್ನು ತಿದ್ದಿಯೇ ಹಾಕಿಸಿದ.

ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರ ತನ್ನ ವ್ಯಾಕರಣದಲ್ಲಿ ಹೇಳಿದ್ದು ಬಹಳ ಮೃದುವಾದ ಮಾತು. ಸಂಭಾಷಣೆಗೂ ಸಲುಗೆಯ ಬರವಣಿಗೆಗೂ ಕೊನೆಯ ಜಾಗ ಹೊಂದುತ್ತದೆ, ಗಂಭೀರವಾದ ಎತ್ತರದ ಶೈಲಿಗೆ ಮುಂದಿನ ಜಾಗ ಹೆಚ್ಚು ಚೆನ್ನಾಗಿ ಒಪ್ಪುತ್ತದೆ ಎಂದಷ್ಟೇ ಆತ ಬರೆದದ್ದು, ಮತ್ತು ಕೊನೆಯಲ್ಲಿಡುವ ರೂಢಿಯ ಕಡೆಗೆ ನಮ್ಮ ಭಾಷೆ ಬಹಳ ಒಲಿದಿದೆ ಎನ್ನುವ ತನ್ನ ವಾಕ್ಯದಲ್ಲಿಯೂ "ಟು"ವನ್ನು ಕೊನೆಗೇ ಇಟ್ಟ. ಆಮೇಲಿನ ಶಾಲಾ ವ್ಯಾಕರಣಗಳು ಈ ಮೃದುವಾದ ಸಲಹೆಯನ್ನು ಕಟ್ಟಪ್ಪಣೆ ಮಾಡಿದವು. 1926ರ ಹೊತ್ತಿಗೆ ಇಂಗ್ಲಿಷ್ ಪದಬಳಕೆಯ ಕೋಶ ಬರೆದ ಎಚ್. ಡಬ್ಲ್ಯೂ. ಫೌಲರ್ ಈ ನಿಷೇಧವನ್ನು ಮೂಢನಂಬಿಕೆಯೆಂದೇ ಕರೆದ. ಲೌತ್ ಹೇಳಿದ ಭೇದವನ್ನು, ಅಂದರೆ ಸಂದರ್ಭ ನೋಡಿ ಜಾಗ ಆರಿಸುವುದನ್ನು, ಇಟ್ಟುಕೊಂಡು ಉಳಿದ ಭಯವನ್ನು ಬಿಡಬಹುದು.

ಎರಡನೆಯ ದಾರಿ: ಮುಂದಕ್ಕೆ ತರುವುದು

"ಯಾವ ಮನೆಯಲ್ಲಿ ವಾಸಿಸುತ್ತಿದ್ದೇನೆಯೋ ಆ ಮನೆ" ಎಂಬ ಕನ್ನಡವನ್ನು ಬಾಯಿಬಿಟ್ಟು ಓದಿದರೆ ಯಾವ ಧ್ವನಿ ಹೊರಡುತ್ತದೆಯೋ, "ದಿ ಹೌಸ್ ಇನ್ ವಿಚ್ ಐ ಲಿವ್" ಎಂಬುದರ ಧ್ವನಿಯೂ ಹೆಚ್ಚುಕಡಿಮೆ ಅದೇ. ಕರಾರುಪತ್ರ, ಪ್ರಮಾಣಪತ್ರ, ವಕೀಲರ ನೋಟಿಸು, ಸಂಶೋಧನಾ ಪ್ರಬಂಧ, ಸರ್ಕಾರಿ ಇಲಾಖೆಗೆ ಕೊಡುವ ಮನವಿ ಇವುಗಳಲ್ಲಿ ಆ ಧ್ವನಿಗೆ ಬೆಲೆಯಿದೆ. ಒಂದು ಹಕ್ಕು ಯಾವುದಕ್ಕೆ ಸೇರಿದ್ದು, ಒಂದು ಮೊತ್ತ ಯಾರಿಗೆ ಸಲ್ಲತಕ್ಕದ್ದು ಎಂಬುದು ನಾಮಪದದ ಪಕ್ಕದಲ್ಲೇ ಕಾಣುವುದರಿಂದ ಓದುವವರು ವಾಕ್ಯದ ತುದಿಯವರೆಗೆ ಕಾಯಬೇಕಿಲ್ಲ. ಮೇಲೆ ಹೇಳಿದ ಗುಮಾಸ್ತನ ವಾಕ್ಯವೂ "ದಿ ಕ್ಲರ್ಕ್ ಟು ಹೂಮ್ ಐ ಗೇವ್" ಎಂದು ಆರಂಭವಾದರೆ ಆಮೇಲೆ ಎಷ್ಟು ದಾಖಲೆಗಳ ಹೆಸರು ಬಂದರೂ ತೊಂದರೆಯಿಲ್ಲ.

ಈ ದಾರಿಯನ್ನೇ ಹಿಡಿಯಬೇಕಾದ ಸಂದರ್ಭಗಳೂ ಇವೆ. "ವಿ ಪ್ಲಾಂಟೆಡ್ 200 ಸೀಡ್ಲಿಂಗ್ಸ್, ಸಮ್ ಆಫ್ ವಿಚ್ ಡೈಡ್" ಎಂಬಲ್ಲಿ "ಆಫ್" ಬೇರೆಲ್ಲೂ ಹೋಗುವಂತಿಲ್ಲ. "ದಿ ಎಕ್ಸ್‌ಟೆಂಟ್ ಟು ವಿಚ್", "ದಿ ಮೀಟಿಂಗ್ ಡ್ಯೂರಿಂಗ್ ವಿಚ್" ಎಂಬುವೂ ಹಾಗೆಯೇ. "ಡ್ಯೂರಿಂಗ್" ಎಂಬ ಪದವನ್ನು ವಾಕ್ಯದ ಕೊನೆಯಲ್ಲಿ ಬಿಟ್ಟರೆ ಯಾರ ಕಿವಿಗೂ ಹಿತವಾಗುವುದಿಲ್ಲ.

ತಪ್ಪುಗಳು ಹೆಚ್ಚು ನಡೆಯುವುದೂ ಈ ದಾರಿಯಲ್ಲೇ. ಅರಸೀಕೆರೆಯ ಕಡೆಯ ವಿದ್ಯಾರ್ಥಿಯೊಬ್ಬ ವಿದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ "ದಿ ಕಾಲೇಜ್ ಇನ್ ವಿಚ್ ಐ ಸ್ಟಡೀಡ್ ಇನ್" ಎಂದು ಬರೆದಿದ್ದ. ಮುಂದೆ ಒಂದು "ಇನ್" ಇಟ್ಟಿದ್ದು ನೆನಪಿನಲ್ಲಿ ಉಳಿಯದೆ, ಕೊನೆಯಲ್ಲಿ ಏನೋ ಬೇಕಲ್ಲ ಎನಿಸಿ, ಮತ್ತೊಂದನ್ನು ಇಟ್ಟಿದ್ದ. ಇದು ಎರಡು ದಾರಿಗಳನ್ನು ಒಟ್ಟಿಗೆ ಹಿಡಿದ ತಪ್ಪು, ಮತ್ತು ಎಚ್ಚರವಾಗಿ ಬರೆಯುವವರಲ್ಲೇ ಹೆಚ್ಚು ಕಾಣುತ್ತದೆ. ಇನ್ನೊಂದು, "ದಟ್" ಎಂಬ ಪದ ತನ್ನ ಮುಂದೆ ಪ್ರಿಪೊಸಿಷನ್ನನ್ನು ಇಟ್ಟುಕೊಳ್ಳುವುದಿಲ್ಲ. "ದಿ ಹೌಸ್ ದಟ್ ಐ ಲಿವ್ ಇನ್" ಸರಿ, "ದಿ ಹೌಸ್ ಇನ್ ದಟ್ ಐ ಲಿವ್" ಸರಿಯಲ್ಲ. ಹಾಗೆಯೇ ಪ್ರಿಪೊಸಿಷನ್ ಮುಂದಕ್ಕೆ ಬಂದರೆ "ಹೂ" ಇದ್ದದ್ದು "ಹೂಮ್" ಆಗಬೇಕು. ಕೊನೆಯಲ್ಲೇ ಉಳಿದರೆ ಇಂದಿನ ಇಂಗ್ಲಿಷಿನಲ್ಲಿ "ಹೂ" ಸಾಕು, ಏನನ್ನೂ ಹೇಳದಿದ್ದರೂ ಸಾಕು.

ಮೂರನೆಯ ದಾರಿ: ವಾಕ್ಯವನ್ನೇ ಬದಲಿಸುವುದು

ಒಂದು ವಾಕ್ಯ ಎರಡೂ ರೀತಿಯಲ್ಲಿ ತೊಡಕಾಗಿಯೇ ಕಂಡರೆ, ತೊಡಕು ಪ್ರಿಪೊಸಿಷನ್ನಿನಲ್ಲಿ ಇಲ್ಲವೆಂದೂ ವಾಕ್ಯದ ಕಟ್ಟಿನಲ್ಲಿಯೇ ಇದೆಯೆಂದೂ ತಿಳಿಯಬೇಕು. "ದಿ ಟೌನ್ ಇನ್ ವಿಚ್ ಐ ವಾಸ್ ಬಾರ್ನ್" ಎಂಬುದು "ದಿ ಟೌನ್ ವೇರ್ ಐ ವಾಸ್ ಬಾರ್ನ್" ಆದಾಗ ಎರಡು ಪದಗಳ ಕೆಲಸವನ್ನು ಒಂದು ಮಾಡಿತು, ಬಿಗಿಯೂ ಇಲ್ಲ, ಸಡಿಲವೂ ಇಲ್ಲ. ಸ್ಥಳ ಹೇಳುವಾಗ "ವೇರ್" ಇಷ್ಟು ಸುಲಭವಾಗಿ ಒದಗುವುದರಿಂದ ನಾನು ಅದನ್ನೇ ಮೊದಲು ಸೂಚಿಸುತ್ತೇನೆ. ಉದ್ದವಾದ ವಾಕ್ಯವನ್ನು ಎರಡಾಗಿ ಒಡೆಯುವುದೂ ಈ ದಾರಿಗೇ ಸೇರುತ್ತದೆ.

ಇದರ ಅಪಾಯವೆಂದರೆ ಅರ್ಥ ಸದ್ದಿಲ್ಲದೆ ಸರಿದುಹೋಗುವುದು. "ದಿ ಮೆಕ್ಯಾನಿಕ್ ವಿ ಮೆಟ್" ಎಂದರೆ ಪ್ರಿಪೊಸಿಷನ್ನಿನ ಗೊಡವೆ ತಪ್ಪುತ್ತದೆ, ಆದರೆ ಅವರು ಮೆಕ್ಯಾನಿಕ್‌ನನ್ನು ಕಂಡಿರಲೇ ಇಲ್ಲ, ಫೋನಿನಲ್ಲಿ ಮಾತಾಡಿದ್ದರು. ದೂರಿನ ಪತ್ರದಲ್ಲಿ ಕಂಡದ್ದಕ್ಕೂ ಫೋನಿನಲ್ಲಿ ಕೇಳಿದ್ದಕ್ಕೂ ವ್ಯತ್ಯಾಸವಿದೆ, ಮತ್ತು ಆ ವ್ಯತ್ಯಾಸವನ್ನು ಎದುರಿನವರು ಮೊದಲು ಹಿಡಿಯುತ್ತಾರೆ. ವಾಕ್ಯ ನಯವಾಗಲೆಂದು ಸಂಗತಿಯನ್ನು ಬದಲಿಸಬಾರದು.

ಇಡುವ ಮೊದಲು: ಅದು ಬೇಕೇ ಎಂದು ನೋಡುವುದು

ಬಿಟ್ಟುಹೋಗುವುದರ ಜೊತೆಗೆ, ಬೇಡದ ಕಡೆ ಸೇರಿಕೊಳ್ಳುವುದೂ ಉಂಟು. "ದಿ ಮ್ಯಾಟರ್ ವಿ ಡಿಸ್ಕಸ್ಡ್ ಅಬೌಟ್" ಎಂದು ಬರೆದು, ಅದರ "ಅಬೌಟ್" ಕೊನೆಯಲ್ಲಿ ಇರಲೋ ಮುಂದೆ ಬರಲೋ ಎಂದು ಕೇಳಿದವರಿದ್ದಾರೆ. ಅದು ಎಲ್ಲಿಯೂ ಇರಬಾರದು. "ಡಿಸ್ಕಸ್", "ಆರ್ಡರ್", "ಎಂಫಸೈಸ್", "ರೀಚ್", "ಮ್ಯಾರಿ" ಎಂಬ ಕ್ರಿಯಾಪದಗಳು ತಮ್ಮ ಕರ್ಮವನ್ನು ನೇರವಾಗಿ ತೆಗೆದುಕೊಳ್ಳುತ್ತವೆ. ಗೊಂದಲಕ್ಕೆ ಒಂದು ಕಾರಣ ನಾಮಪದಗಳಲ್ಲಿದೆ: "ಎ ಡಿಸ್ಕಷನ್ ಅಬೌಟ್", "ಆನ್ ಆರ್ಡರ್ ಫಾರ್", "ಎಂಫಸಿಸ್ ಆನ್" ಎಂಬುವು ಸರಿಯಾದವೇ ಆದ್ದರಿಂದ ಅದೇ ಪುಟ್ಟ ಪದ ಕ್ರಿಯಾಪದಕ್ಕೂ ಅಂಟಿಕೊಂಡಿದೆ. ಇನ್ನೊಂದು ಕಾರಣ ಕನ್ನಡದ್ದು, ನಾವು ವಿಷಯದ ಬಗ್ಗೆ ಚರ್ಚಿಸುತ್ತೇವೆ.

ಇದಕ್ಕೆ ತಿರುಗಾಗಿ "ಅವರ ಮಾತನ್ನು ಕೇಳಿದೆ" ಎಂಬಲ್ಲಿ ನಮಗೆ ದ್ವಿತೀಯಾ ವಿಭಕ್ತಿ ಸಾಕು, ಇಂಗ್ಲಿಷಿಗೆ "ಲಿಸನ್ ಟು" ಬೇಕು. ಹಾಗಾಗಿ ನಾನು ಹೇಳಿದ "ಯಾವ... ಆ" ಪರೀಕ್ಷೆಯು ಅಲ್ಲೊಂದು ಸಂಬಂಧ ಅಡಗಿದೆಯೇ ಎಂಬುದನ್ನು ತೋರಿಸುತ್ತದೆಯೇ ಹೊರತು, ಯಾವ ಪದ ಬರಬೇಕೆಂಬುದನ್ನು ಆ ಇಂಗ್ಲಿಷ್ ಕ್ರಿಯಾಪದವೇ ತೀರ್ಮಾನಿಸುತ್ತದೆ. ಕ್ರಿಯಾಪದವನ್ನು ಕಲಿಯುವಾಗಲೇ ಅದರ ಜೊತೆಗಾರನನ್ನೂ ಸೇರಿಸಿ "ವೈಟ್ ಫಾರ್", "ಪೇ ಫಾರ್", "ಅಪ್ಲೈ ಫಾರ್" ಎಂದು ಒಂದೇ ಪದದಂತೆ ಬರೆದಿಟ್ಟುಕೊಳ್ಳುವುದಕ್ಕಿಂತ ಹತ್ತಿರದ ದಾರಿ ನನಗೆ ಕಂಡಿಲ್ಲ.

ಪೂರ್ತಿ ಪದಗುಚ್ಛವೇ ಜಾಗ ತಪ್ಪಿದಾಗ

ಪ್ರಿಪೊಸಿಷನ್ ತನ್ನ ನಾಮಪದದ ಜೊತೆಗೇ ಇದ್ದೂ, ಇಬ್ಬರೂ ಒಟ್ಟಿಗೆ ತಪ್ಪು ಮನೆಗೆ ಹೋಗುವುದುಂಟು. ಕಾಡಾನೆಯ ಹಾವಳಿಯ ಬಗ್ಗೆ ಪರಿಹಾರದ ಅರ್ಜಿಯೊಂದರಲ್ಲಿ ಈ ವಾಕ್ಯವಿತ್ತು: "ಐ ರಿಪೋರ್ಟೆಡ್ ದಿ ಎಲಿಫೆಂಟ್ ದಟ್ ಎಂಟರ್ಡ್ ಅವರ್ ಎಸ್ಟೇಟ್ ಟು ದಿ ರೇಂಜ್ ಆಫೀಸ್". ವಲಯ ಅರಣ್ಯ ಕಚೇರಿಗೆ ತಿಳಿಸಿದೆ ಎಂಬುದು ಬರೆದವರ ಅಭಿಪ್ರಾಯ. ಆದರೆ "ಟು ದಿ ರೇಂಜ್ ಆಫೀಸ್" ಎಂಬುದು ತಿಳಿಸಿದ ಕ್ರಿಯೆಯಿಂದ ದೂರವಾಗಿ, ನುಗ್ಗಿದ ಕ್ರಿಯೆಯ ಬದಿಗೆ ಬಂದು ಕೂತಿದೆ. ಓದುವವರು ಒಂದು ಗಳಿಗೆ ನಿಂತು ಹಿಂದಕ್ಕೆ ಹೋಗಬೇಕಾಗುತ್ತದೆ. "ಐ ರಿಪೋರ್ಟೆಡ್ ಟು ದಿ ರೇಂಜ್ ಆಫೀಸ್ ದಟ್ ಆನ್ ಎಲಿಫೆಂಟ್ ಹ್ಯಾಡ್ ಎಂಟರ್ಡ್ ಅವರ್ ಎಸ್ಟೇಟ್" ಎಂದು ತಿದ್ದಿದೆವು.

ಕನ್ನಡದಲ್ಲಿ ಈ ಎಚ್ಚರ ಇಷ್ಟು ಬೇಕಾಗುವುದಿಲ್ಲ. ಹಿತ್ತಾಳೆ ಲೋಟದಲ್ಲಿ ಅತಿಥಿಗಳಿಗೆ ಕಾಫಿ ಕೊಡುತ್ತೇವೆ ಎಂದರೂ, ಅತಿಥಿಗಳಿಗೆ ಕಾಫಿಯನ್ನು ಹಿತ್ತಾಳೆ ಲೋಟದಲ್ಲಿ ಕೊಡುತ್ತೇವೆ ಎಂದರೂ ಲೋಟದೊಳಗೆ ಇರುವುದು ಕಾಫಿಯೇ, ಏಕೆಂದರೆ ಪ್ರತಿಯೊಂದು ಪದವೂ ತನ್ನ ಗುರುತನ್ನು ಬೆನ್ನಿಗೇ ಕಟ್ಟಿಕೊಂಡಿದೆ. ಇಂಗ್ಲಿಷಿನಲ್ಲಿ "ವಿ ಸರ್ವ್ ಕಾಫಿ ಟು ಅವರ್ ಗೆಸ್ಟ್ಸ್ ಇನ್ ಬ್ರಾಸ್ ಟಂಬ್ಲರ್ಸ್" ಎಂದು ಬೋರ್ಡು ಬರೆಸಿದರೆ ಲೋಟಗಳು ಅತಿಥಿಗಳ ಪಕ್ಕಕ್ಕೆ ಹೋಗುತ್ತವೆ. "ವಿ ಸರ್ವ್ ಅವರ್ ಗೆಸ್ಟ್ಸ್ ಕಾಫಿ ಇನ್ ಬ್ರಾಸ್ ಟಂಬ್ಲರ್ಸ್" ಎಂದಾಗ ಕಾಫಿಗೂ ಲೋಟಕ್ಕೂ ನಡುವೆ ಯಾರೂ ಬರುವುದಿಲ್ಲ, ಒಂದು "ಟು" ಕೂಡ ಉಳಿತಾಯವಾಯಿತು. ಇಂಥ ಕಡೆ ಆಯ್ಕೆಯೇ ಇಲ್ಲ: ಯಾವುದಕ್ಕೆ ಸೇರಿದ್ದೋ ಅದರ ಮಗ್ಗುಲಲ್ಲೇ ಇಡಬೇಕು.

ಆ ಪತ್ರಕ್ಕೆ ನಾವು ಆರಿಸಿದ್ದು

ಮೊದಲನೆಯ ಜಾಗದಲ್ಲಿ ಅವಳು "ದಿ ಮೆಷಿನ್ ವಿತ್ ವಿಚ್ ವಿ ಪಲ್ಪ್ ದಿ ಕಾಫಿ" ಎಂದು ಮಾಡೋಣವೇ ಎಂದು ಕೇಳಿದಳು. ತಪ್ಪೇನೂ ಇರಲಿಲ್ಲ. ಆದರೆ ಯಂತ್ರ ಮಾಡುವವರಿಗೆ ಅದು ಯಾತರ ಯಂತ್ರವೆಂದು ವಿವರಿಸಬೇಕಾಗಿರಲಿಲ್ಲ. "ಅವರ್ ಪಲ್ಪರ್" ಎಂಬ ಎರಡು ಪದ ಸಾಕಾಯಿತು. ಎರಡನೆಯದಕ್ಕೆ "ದಿ ಮೆಕ್ಯಾನಿಕ್ ವಿ ಸ್ಪೋಕ್ ಟು ಬೈ ಫೋನ್" ಎಂದು ಬರೆದೆವು. ಮೂರನೆಯದು ದುಡ್ಡಿನ ವಿಷಯ. ಬಿಡಿಭಾಗಗಳ ಪಟ್ಟಿ, ರಸೀದಿಯ ಸಂಖ್ಯೆ, ತಾರೀಖು ಎಲ್ಲವೂ ಹಿಂದೆಯೇ ಬರಬೇಕಾಗಿದ್ದರಿಂದ, ಮತ್ತು ಮುಂದೆ ಗ್ರಾಹಕರ ಆಯೋಗದ ಮುಂದೆ ಈ ಪತ್ರವನ್ನು ಇಡಬೇಕಾಗಿ ಬಂದರೂ ಬರಬಹುದಾದ್ದರಿಂದ, "ದಿ ಪಾರ್ಟ್ಸ್ ಫಾರ್ ವಿಚ್ ವಿ ಪೇಯ್ಡ್" ಎಂದು ಮುಂದಿನ ಜಾಗವನ್ನೇ ಕೊಟ್ಟೆವು.

ನಾಲ್ಕನೆಯದರಲ್ಲಿ ತಪ್ಪಿಲ್ಲವೆಂದು ನಾನು ಮೊದಲು ಅದನ್ನು ದಾಟಿಬಿಟ್ಟಿದ್ದೆ. ಎರಡನೆಯ ಸಲ ಗಟ್ಟಿಯಾಗಿ ಓದುವಾಗ ಅವಳೇ ನಿಲ್ಲಿಸಿ, "ಬರ್ತೀವಿ ಅಂತ ಅವರು ಹೇಳಿದ ದಿನವೋ, ಬರಬೇಕಾಗಿದ್ದ ದಿನವೋ ಮೇಷ್ಟ್ರೇ?" ಎಂದು ಕೇಳಿದಳು. ಕನ್ನಡದಲ್ಲಿರುವ ಇಬ್ಬಗೆ ಇಂಗ್ಲಿಷಿನಲ್ಲಿಯೂ ಹಾಗೇ ಉಳಿದಿತ್ತು, "ಆನ್ ವಿಚ್" ಸೇರಿಸಿದರೂ ಅದು ಹೋಗುತ್ತಿರಲಿಲ್ಲ. ಕಂಪನಿಯವರು ಡಿಸೆಂಬರ್ 28ರಂದು ಫೋನಿನಲ್ಲಿ ಒಪ್ಪಿಕೊಂಡಿದ್ದರು, ಬರಬೇಕಾಗಿದ್ದದ್ದು ಜನವರಿ 3ಕ್ಕೆ. "ಆನ್ 28 ಡಿಸೆಂಬರ್ ಯು ಪ್ರಾಮಿಸ್ಡ್ ದಟ್ ಯುವರ್ ಮೆಕ್ಯಾನಿಕ್ ವುಡ್ ಕಮ್ ಆನ್ 3 ಜನವರಿ" ಎಂದು ಅವಳು ತಾನೇ ಬರೆದು, ಎರಡೂ "ಆನ್"ಗಳ ಕೆಳಗೆ ಪೆನ್ಸಿಲಿನಿಂದ ಒಂದೊಂದು ಗೆರೆ ಎಳೆದು ನೋಡಿ, ಗೆರೆಗಳನ್ನು ಅಳಿಸಿ, ಪತ್ರವನ್ನು ಟೈಪ್ ಮಾಡಿಸಲು ತೆಗೆದುಕೊಂಡು ಹೋದಳು.